ಮಕ್ಕಳ ಅಂಕವನ್ನು ಕಾಲೇಜಿನವರು ಅಳೆಯುವ ಬಗೆ



ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ನಮ್ಮೂರ ಜಗಲಿಗಳಲ್ಲಿ ಬೆಳೆಯ ಮಾತಿಗಿಂತ ಅಂಕದ ಮಾತೇ ಹೆಚ್ಚು. “ನಮ್ಮ ಹುಡುಗನಿಗೆ 540, ಮುಂಬಯಿಯ ಅಕ್ಕನ ಮಗನಿಗೆ 430 ಮಾತ್ರ” ಎಂದು ಒಬ್ಬರು ಹೇಳುತ್ತಾರೆ. “ಕಾಸರಗೋಡಿನ ಭಾವನ ಮಗಳಿಗೆ ಅಂಕವೇ ಇಲ್ಲ, ಬರಿಯ ಅಕ್ಷರ” ಎಂದು ಇನ್ನೊಬ್ಬರು. ಮುಂಬಯಿಗೂ ಕೊಲ್ಲಿ ದೇಶಗಳಿಗೂ ದುಡಿಯಲು ಹೋದವರು ನಮ್ಮ ಕಡೆ ಬಹಳ ಮಂದಿ. ಅವರ ಮಕ್ಕಳು ಕಾಲೇಜಿಗೆಂದು ಊರಿಗೆ ಮರಳುವುದುಂಟು. ಎಲ್ಲರೂ ಒಂದೇ ಕಾಲೇಜಿನ ಬಾಗಿಲಲ್ಲಿ ನಿಂತಾಗ ಈ ಬೇರೆ ಬೇರೆ ಅಂಕಗಳನ್ನು ಹೇಗೆ ಹೋಲಿಸುತ್ತಾರೆ? ಇದನ್ನು ತಂದೆತಾಯಿಗಳು ತಿಳಿದಿರುವುದು ಅವಶ್ಯ.

1. ಮೊದಲು ಸೇರು ಯಾವುದೆಂದು ಕೇಳಿ

ಊರಿಗೊಂದು ಸೇರು ಇದ್ದ ಕಾಲದಲ್ಲಿ ನಮ್ಮ ಹಿರಿಯರು ‘ಎಷ್ಟು ಸೇರು’ ಎನ್ನುವ ಮೊದಲು ‘ಯಾವ ಸೇರು’ ಎಂದು ಕೇಳುತ್ತಿದ್ದರು. 1956ರ ತೂಕ ಮತ್ತು ಅಳತೆಯ ಕಾಯಿದೆಯ ಬಳಿಕ ದೇಶಕ್ಕೆಲ್ಲ ಕಿಲೋ, ಲೀಟರು ಬಂದವು. ಪರೀಕ್ಷೆಯ ಅಂಕಕ್ಕೆ ಮಾತ್ರ ಅಂಥ ಒಂದೇ ಅಳತೆ ಬಂದಿಲ್ಲ.

2025ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಒಟ್ಟು ಅಂಕ 625: ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಮಹಾರಾಷ್ಟ್ರದಲ್ಲಿ 2010ರಿಂದ ಹೆಚ್ಚು ಅಂಕ ಬಂದ ಐದು ವಿಷಯಗಳನ್ನು ಹಿಡಿದು 500ಕ್ಕೆ ಲೆಕ್ಕ ಹಾಕುವ ಕ್ರಮ ಬಂತು. ಈಗ ಲೆಕ್ಕ ಮಾಡಿ ನೋಡಿ. 540ನ್ನು 100ರಿಂದ ಗುಣಿಸಿ 625ರಿಂದ ಭಾಗಿಸಿದರೆ ಶೇ. 86.4. 430ನ್ನು ಹಾಗೆಯೇ 500ರಿಂದ ಭಾಗಿಸಿದರೆ ಶೇ. 86. ಜಗಲಿಯಲ್ಲಿ 110 ಅಂಕದಷ್ಟಿದ್ದ ಅಂತರ ಶೇಕಡಾ ಅರ್ಧಕ್ಕೂ ಇಳಿಯಿತು.

ಆದರೆ ನಮ್ಮ ಹುಡುಗನ ಲೆಕ್ಕದಲ್ಲಿ ಆರು ವಿಷಯಗಳೂ ಸೇರಿವೆ; ಮುಂಬಯಿಯ ಹುಡುಗನ ಅತಿ ಕಡಿಮೆ ಅಂಕದ ವಿಷಯ ಸೇರಿಲ್ಲ. ಆದ್ದರಿಂದ ಕಾಲೇಜಿನವರು ಮೊತ್ತದ ಜತೆಗೆ ವಿಷಯವಾರು ಅಂಕವನ್ನೂ ನೋಡಬೇಕಾಗುತ್ತದೆ.

2. ಅಂಕದ ಬದಲು ಅಕ್ಷರ

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಬರೆಯುವುದು ಕೇರಳದ ಎಸ್.ಎಸ್.ಎಲ್.ಸಿ. ಅಲ್ಲಿ 2005ರಿಂದ ಅಂಕದ ಬದಲು ಶ್ರೇಣಿ ಬಂತು. 90 ಮತ್ತು ಮೇಲಕ್ಕೆ ‘ಎ ಪ್ಲಸ್’, 80ರಿಂದ 89ಕ್ಕೆ ‘ಎ’, 70ರಿಂದ 79ಕ್ಕೆ ‘ಬಿ ಪ್ಲಸ್’, ಹೀಗೆ ಇಳಿಯುತ್ತದೆ. ತೆಂಗಿನಕಾಯಿಯನ್ನು ದೊಡ್ಡದು, ನಡುವಿನದು, ಸಣ್ಣದು ಎಂದು ರಾಶಿ ಮಾಡಿದ ಹಾಗೆ. ರಾಶಿಯೊಳಗೆ ಯಾವ ಕಾಯಿ ಎಷ್ಟು ತೂಗುತ್ತದೆಂದು ಹೊರಗಿನವರಿಗೆ ತಿಳಿಯದು. 80 ಬಂದವಳಿಗೂ ‘ಎ’, 89 ಬಂದವಳಿಗೂ ‘ಎ’.

ಕೇಂದ್ರೀಯ ಮಂಡಳಿ, ಅಂದರೆ ಸಿ.ಬಿ.ಎಸ್.ಇ., 2010ರಿಂದ 2017ರವರೆಗೆ ಹತ್ತನೆಯ ತರಗತಿಗೆ ಇಂಥದೇ ಶ್ರೇಣಿ ಕೊಟ್ಟಿತ್ತು. ಸರಾಸರಿ ಅಂಕೆಯನ್ನು 9.5ರಿಂದ ಗುಣಿಸಿದರೆ ಶೇಕಡದ ಅಂದಾಜು ಸಿಗುತ್ತಿತ್ತು: 9 ಇದ್ದರೆ 85.5, ಪೂರ್ಣ 10 ಇದ್ದರೂ 95ಕ್ಕಿಂತ ಮೇಲಿಲ್ಲ. ನಿಜವಾಗಿ 98 ಗಳಿಸಿದ ಮಗುವಿಗೂ ಅಷ್ಟೇ. 2018ರಿಂದ ಆ ಮಂಡಳಿ ಅಂಕಕ್ಕೇ ಮರಳಿತು.

3. ಬೈಲು, ಮಜಲು, ಬೆಟ್ಟು

ಶೇಕಡಾ ಮಾಡಿದರೆ ಎಲ್ಲವೂ ಸಮವಾಯಿತೇ? ಇಲ್ಲ. ಒಂದೇ ಎಂ.ಒ. 4 ಬೀಜವನ್ನು ಬೈಲಿನಲ್ಲಿಯೂ ಬೆಟ್ಟಿನಲ್ಲಿಯೂ ಹಾಕಿ ನೋಡಿ. ನೀರು ನಿಲ್ಲದ ಬೆಟ್ಟುಗದ್ದೆಯಲ್ಲಿ ಬೈಲಿನಷ್ಟೇ ಬತ್ತ ತೆಗೆದವನ ದುಡಿಮೆ ದೊಡ್ಡದೆಂದು ನೀವೇ ಹೇಳುತ್ತೀರಿ. ಪರೀಕ್ಷೆಗಳಲ್ಲಿಯೂ ಬೈಲು ಬೆಟ್ಟುಗಳಿವೆ. 2023ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ.ಯಲ್ಲಿ ಶೇ. 83.89 ಮಂದಿ ತೇರ್ಗಡೆಯಾದರು. 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂತು. ಕೃಪಾಂಕ ಹೆಚ್ಚಿಸಿಯೂ ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಗದ್ದೆ ಬದಲಾಯಿತು.

ಇದು ಎಷ್ಟು ದೂರ ಹೋಗಬಹುದೆಂಬುದಕ್ಕೆ 2022ರ ಪ್ರಕರಣ ಸಾಕ್ಷಿ. ಕೊರೋನಾದಿಂದ 2021ರಲ್ಲಿ ದ್ವಿತೀಯ ಪಿ.ಯು.ಸಿ. ಪರೀಕ್ಷೆ ನಡೆಯಲಿಲ್ಲ. ಎಸ್.ಎಸ್.ಎಲ್.ಸಿ. ಅಂಕದ 45, ಪ್ರಥಮ ಪಿ.ಯು.ಸಿ.ಯ 45, ಆಂತರಿಕ ಅಂಕದ 10 ಪಾಲು ಸೇರಿಸಿ ಫಲಿತಾಂಶ ಕೊಟ್ಟರು. ಆ ತಂಡದ ಸುಮಾರು 24 ಸಾವಿರ ಮಂದಿ 2022ರಲ್ಲಿ ಮತ್ತೆ ಸಿ.ಇ.ಟಿ. ಬರೆದಾಗ, ಅವರ ಪಿ.ಯು.ಸಿ. ಅಂಕವನ್ನು ಪರೀಕ್ಷಾ ಪ್ರಾಧಿಕಾರ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರು ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್ 3ರಂದು ಅವರ ಪರವಾಗಿ ತೀರ್ಪಾಯಿತು. ಸರಕಾರ ಮೇಲ್ಮನವಿ ಹೋದ ಮೇಲೆ ಅದೇ ತಿಂಗಳಲ್ಲಿ ಒಂದು ಸೂತ್ರ ಒಪ್ಪಿಗೆಯಾಯಿತು: ಅವರ ಅಂಕವನ್ನು ಹಿಡಿಯುವುದು, ಆದರೆ ಭೌತ, ರಸಾಯನ, ಗಣಿತಗಳಲ್ಲಿ ವಿಷಯಕ್ಕೆ ಸರಾಸರಿ 6 ಅಂಕ ಕಳೆಯುವುದು. ಹಸಿ ಬತ್ತಕ್ಕೆ ತೇವ ಕಳೆದು ತೂಕ ಹಿಡಿದ ಹಾಗೆ. ಪೂರಾ ಬಿಟ್ಟರೂ ಅನ್ಯಾಯ, ಪೂರಾ ಹಿಡಿದರೂ ಅನ್ಯಾಯ ಎಂಬಲ್ಲಿ ಇದು ನಡುದಾರಿ.

4. ಅಂಕ ಎಲ್ಲಿ ನಡೆಯುತ್ತದೆ

ಎಲ್ಲ ಬಾಗಿಲಲ್ಲಿಯೂ ಅಂಕಕ್ಕೆ ಒಂದೇ ಬೆಲೆಯಿಲ್ಲ. ಸಿ.ಇ.ಟಿ. ಮೂಲಕ ಇಂಜಿನಿಯರಿಂಗ್ ಸೇರಲು ಪಿ.ಯು.ಸಿ.ಯ ಮೂರು ವಿಷಯಗಳ ಅಂಕಕ್ಕೆ ಅರ್ಧ, ಸಿ.ಇ.ಟಿ.ಗೆ ಅರ್ಧ ಬೆಲೆ. ನಮ್ಮ ಕುತ್ಪಾಡಿಯ ಆಯುರ್ವೇದ ಕಾಲೇಜಿನಂಥ ಕಡೆ ಪಿ.ಯು.ಸಿ. ಅಂಕ ಹೊಸ್ತಿಲು ಮಾತ್ರ; ದಾಟಿದ ಮೇಲೆ ನಡೆಯುವುದು ನೀಟ್ ಪರೀಕ್ಷೆಯ ಸ್ಥಾನ. ಯಾವ ಕಾಲೇಜಿನಲ್ಲಿ ಯಾವುದಕ್ಕೆ ಬೆಲೆಯೆಂದು ಅರ್ಜಿ ಹಾಕುವ ಮೊದಲೇ ಕೇಳಿ ತಿಳಿಯತಕ್ಕದ್ದು.

5. ನೀವು ಮಾಡತಕ್ಕ ಕೆಲಸ

ಅ) ಮೊತ್ತವನ್ನು ಹೋಲಿಸಬೇಡಿ, ಎಷ್ಟಕ್ಕೆ ಎಷ್ಟು ಎಂದು ಕೇಳಿ ಶೇಕಡಾ ಮಾಡಿ.

ಆ) ಮಗು ಮುಂದೆ ಓದಬೇಕೆಂದಿರುವ ವಿಷಯಗಳ ಅಂಕವನ್ನು ಬೇರೆಯಾಗಿ ಬರೆದಿಡಿ.

ಇ) ಬೇರೆ ರಾಜ್ಯದಿಂದ ಬರುವ ಮಗುವಿಗೆ ಅಂಕಪಟ್ಟಿಯ ಜತೆ ವರ್ಗಾವಣೆ ಪತ್ರ, ವಲಸೆ ಪತ್ರಗಳನ್ನು ಅಲ್ಲಿಂದ ಹೊರಡುವ ಮೊದಲೇ ಪಡೆಯಿರಿ. ಶ್ರೇಣಿ ಮಾತ್ರ ಇದ್ದರೆ ಅದನ್ನು ಹೇಗೆ ಲೆಕ್ಕ ಹಾಕುವರೆಂದು ಕಾಲೇಜಿನ ಕಚೇರಿಯಲ್ಲಿ ಕೇಳಿ.

ಈ) ವಿದೇಶದ ಮಂಡಳಿಯಲ್ಲಿ ಓದಿದ ಮಗು ಪದವಿಗೆ ಸೇರುವುದಾದರೆ ಸಮಾನತೆ ಪತ್ರ ಬೇಕಾಗುತ್ತದೆ.

ಉ) ಅಂಕಪಟ್ಟಿಯ ಮೂಲಪ್ರತಿಯನ್ನು ಪಹಣಿಯಷ್ಟೇ ಜೋಪಾನವಾಗಿಡಿ. ಅದರ ಹಿಂಬದಿಯಲ್ಲಿ ಶ್ರೇಣಿಯ ವಿವರ ಅಚ್ಚಾಗಿದ್ದರೆ ಪ್ರತಿ ತೆಗೆಯುವಾಗ ಆ ಬದಿಯನ್ನೂ ತೆಗೆಸಿ.

ಕೊನೆಗೆ ಒಂದು ಮಾತು. ನೆರೆಮನೆಯ ಅಂಕಿಯನ್ನು ಕೇಳಿ ನಿಮ್ಮ ಮಗುವನ್ನು ಬೈಯುವ ಮೊದಲು ಎರಡೂ ಅಂಕಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಬೆಟ್ಟಿನ ಬೆಳೆಯನ್ನು ಬೈಲಿನ ಬೆಳೆಯೊಡನೆ ತೂಗಿ ಬೀಜವನ್ನು ಬೈಯುವ ರೈತ ನಮ್ಮಲ್ಲಿಲ್ಲವಷ್ಟೆ. ಲೆಕ್ಕ ತೊಡಕೆನಿಸಿದರೆ ಅಂಕಪಟ್ಟಿಯನ್ನು ಹಿಡಿದು ಬನ್ನಿ, ಕೂತು ಮಾಡೋಣ.

– ಗ್ರಾಮಸೇವಕ, ಉದ್ಯಾವರ