ಸರೋವರದ ದಂಡೆಯ ಪುಟ್ಟ ಮನೆ: ಗೃಹನಿರ್ಮಾಣಕ್ಕೊಂದು ಪಾಠ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನನ್ನ ವೃತ್ತಿಗೆ ಸಂಬಂಧಿಸಿದ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕರು ಅಪೇಕ್ಷಿಸಿದ್ದಾರೆ. ಮನೆಗಳ ನಕ್ಷೆ ತಯಾರಿಸುವುದು ನನ್ನ ಉದ್ಯೋಗ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಕನ್ನಡ ಕುಟುಂಬಗಳಲ್ಲಿ ಹಲವರು ಈಚೆಗೆ ನನ್ನನ್ನು ಕೇಳುವುದು ಒಂದೇ ಮಾತು: “ಕೆರೆಯ ಮಗ್ಗುಲಲ್ಲಿ ಹೊಲವಿದೆ, ನೀರು ಪೂರ್ತಿ ಕಾಣುವಂತೆ ಮನೆ ಕಟ್ಟಿಸಬೇಕು.” ಆಸೆ ಸಹಜವಾದುದು. ಆದರೆ ನೀರು ಕಾಣುವ ಮನೆಯೆಲ್ಲ ನೀರಿಗೆ ಒಪ್ಪುವ ಮನೆಯಾಗುವುದಿಲ್ಲ. ಈ ಭೇದವನ್ನು ತಿಳಿಯಲು ಸ್ವಿಟ್ಜರ್ಲೆಂಡಿನ ಒಂದು ಚಿಕ್ಕ ಮನೆಯನ್ನು ಅಭ್ಯಾಸ ಮಾಡುವುದು ಉಪಯುಕ್ತ.

ಮನೆಯ ಪರಿಚಯ

ಚಂಡೀಗಢ ನಗರದ ಯೋಜನೆಯಿಂದ ನಮ್ಮ ದೇಶಕ್ಕೆ ಪರಿಚಿತನಾದ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ, ತನ್ನ ವೃದ್ಧ ತಂದೆತಾಯಿಗಳಿಗಾಗಿ 1923-24ರಲ್ಲಿ ಜಿನೀವಾ ಸರೋವರದ ದಂಡೆಯ ಕೊರ್ಸೋ ಎಂಬಲ್ಲಿ ಈ ಮನೆಯನ್ನು ಕಟ್ಟಿಸಿದನು. ಉದ್ದ ಸುಮಾರು 52 ಅಡಿ, ಅಗಲ 13 ಅಡಿ, ಒಂದೇ ಅಂತಸ್ತು. ಬಿಸಿಲು ದಕ್ಷಿಣದಿಂದ ಬರಬೇಕು, ಸರೋವರವೂ ಅದರಾಚೆಯ ಆಲ್ಪ್ಸ್ ಪರ್ವತಗಳೂ ಅದೇ ದಿಕ್ಕಿಗೆ ಇರಬೇಕು ಎಂದು ಮೊದಲೇ ನಿಶ್ಚಯಿಸಿ, ನಕ್ಷೆಯನ್ನು ಜೇಬಿನಲ್ಲಿಟ್ಟುಕೊಂಡು ಅವನು ನಿವೇಶನವನ್ನು ಹುಡುಕಿದನು. ಭೂಮಿಯಿಂದ ತನಗೆ ಬೇಕಾದುದೇನು ಎಂಬುದು ಅವನಿಗೆ ಸ್ಪಷ್ಟವಾಗಿತ್ತು. ತಂದೆ 1926ರಲ್ಲಿ ತೀರಿಕೊಂಡರು. ತಾಯಿ 1960ರವರೆಗೂ ಅಲ್ಲಿಯೇ ಬಾಳಿದರು.

ನೋಟಕ್ಕೊಂದು ಮಿತಿ

ಸರೋವರದ ಕಡೆಯ ಗೋಡೆಯಲ್ಲಿ 36 ಅಡಿ ಉದ್ದದ ಒಂದೇ ಕಿಟಕಿಯಿದೆ. ಚಳಿದೇಶದ ಇಳಿಬಿಸಿಲು ಅದರ ಮೂಲಕ ಕೋಣೆಗಳನ್ನು ಬೆಚ್ಚಗಿಡುತ್ತದೆ. ಆದರೆ ತೋಟದಲ್ಲಿ ಅವನು ಮಾಡಿದ್ದು ಇದಕ್ಕೆ ವಿರುದ್ಧ. ಅಲ್ಲಿ ಸರೋವರಕ್ಕೆ ಅಡ್ಡವಾಗಿ ಗೋಡೆ ಎಬ್ಬಿಸಿ, ಅದರಲ್ಲಿ ಒಂದು ಚೌಕಾಕಾರದ ಕಿಂಡಿಯನ್ನು ಮಾತ್ರ ಬಿಟ್ಟು, ಕಿಂಡಿಯ ಬಳಿ ಮೇಜೊಂದನ್ನು ಕಟ್ಟಿಸಿದನು. ನಾಲ್ಕು ದಿಕ್ಕಿಗೂ ಸದಾ ತೆರೆದಿರುವ ದೃಶ್ಯ ಕಣ್ಣಿಗೆ ಬೇಸರ ತರುತ್ತದೆ, ಕೊನೆಗೆ ಅದನ್ನು ನಾವು ನೋಡುವುದನ್ನೇ ಬಿಡುತ್ತೇವೆ ಎಂಬುದು ಅವನ ಅಭಿಪ್ರಾಯ. ನಮ್ಮ ಗುಡಿಗಳ ಕತ್ತಲೆಯ ಗರ್ಭಗೃಹವನ್ನು ಬಲ್ಲವರಿಗೆ ಈ ತತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಳಿಗೆಯ ಮಣ್ಣು

ಮನೆಯ ಚಪ್ಪಟೆ ಮಾಳಿಗೆಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಯಲು ಬಿಟ್ಟಿದ್ದಾರೆ. ಗಾಳಿಯೂ ಹಕ್ಕಿಗಳೂ ತಂದ ಬೀಜಗಳು ಅಲ್ಲಿ ತಾವಾಗಿಯೇ ಮೊಳೆಯುತ್ತವೆ. ಈ ಮಣ್ಣು ಬೇಸಿಗೆಯಲ್ಲಿ ಸೆಕೆಯನ್ನೂ ಚಳಿಗಾಲದಲ್ಲಿ ಶೀತವನ್ನೂ ತಡೆಯುತ್ತದೆ. ನಮ್ಮ ಅಜ್ಜಂದಿರ ಮಣ್ಣಿನ ಮಾಳಿಗೆಯ ಮನೆಗಳೂ ಇದೇ ಗುಣದಿಂದಲೇ ತಂಪಾಗಿದ್ದವು. ಹಳೆಯದೆಂದು ನಾವು ಕೆಡವಿದುದನ್ನು ಆಧುನಿಕನೊಬ್ಬನು ತಲೆಯ ಮೇಲಿಟ್ಟುಕೊಂಡನು.

ನೆಲದಡಿಯ ನೀರು

ಇಷ್ಟೆಲ್ಲ ಯೋಚಿಸಿದವನನ್ನೂ ಸರೋವರ ಪರೀಕ್ಷಿಸದೆ ಬಿಡಲಿಲ್ಲ. ನೀರಿನ ಮಟ್ಟ ಏರಿಳಿದಂತೆ ನೆಲಮಾಳಿಗೆಯ ಮೇಲೆ ಒತ್ತಡ ಬಿದ್ದು ಮನೆ ಬಿರುಕು ಬಿಟ್ಟಿತು. ಮುಂದೆ ಹೊರಗೋಡೆಗಳಿಗೆ ಲೋಹದ ತಗಡುಗಳನ್ನು ಹೊದಿಸಬೇಕಾಯಿತು. ಕಣ್ಣಿಗೆ ಕಾಣುವ ನೀರಿಗಿಂತ ಕಾಣದ ನೀರೇ ಬಲಿಷ್ಠವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮಗೆ ಅನ್ವಯ

ನಮ್ಮ ಎರೆಭೂಮಿ ಇನ್ನೂ ಹಟಮಾರಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೆರೆಯ ಮಗ್ಗುಲಲ್ಲಂತೂ ಈ ಏರಿಳಿತ ಹೆಚ್ಚು. ಆದ್ದರಿಂದ ಬುನಾದಿಯನ್ನು ಎರೆಮಣ್ಣು ದಾಟಿಸಿ ಗಟ್ಟಿ ಗರಸಿನವರೆಗೆ ಇಳಿಸಬೇಕು. ಎರೆ ಬಹಳ ಆಳವಾಗಿದ್ದರೆ, ಬುಡದಲ್ಲಿ ಗೆಡ್ಡೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳ ಬುನಾದಿ ಉಚಿತ. ಇವು ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ ಹೋಗಬೇಕು.

ಎರಡನೆಯದಾಗಿ, ಕೆರೆಯಂಗಳವನ್ನು ಮುಟ್ಟಬಾರದು. ಚೈತ್ರ ವೈಶಾಖಗಳಲ್ಲಿ ಬತ್ತಿದ ಕೆರೆಯನ್ನು ನೋಡಿ ಅಳತೆ ಹಾಕುವುದು ಅವಿವೇಕ. ಕೋಡಿ ಬಿದ್ದಾಗ ನೀರು ಎಲ್ಲಿಗೆ ಬರುವುದೆಂದು ಊರಿನ ಹಿರಿಯರನ್ನು ಕೇಳಿ, ಅದಕ್ಕಿಂತ ಸಾಕಷ್ಟು ಮೇಲೆ, ಸಾಕಷ್ಟು ಹಿಂದೆ ಮನೆ ಕಟ್ಟಬೇಕು. ಬಚ್ಚಲ ನೀರೂ ಶೌಚಗುಂಡಿಯ ನೀರೂ ಕೆರೆಯ ಕಡೆಗೆ ಹರಿಯದಂತೆ ಏರ್ಪಾಟು ಮಾಡಬೇಕು. ಅದೇ ನೀರನ್ನು ದನಕರುಗಳು ಕುಡಿಯುತ್ತವೆ.

ಮೂರನೆಯದಾಗಿ, ಆ ಉದ್ದ ಕಿಟಕಿಯನ್ನು ಹಾಗೆಯೇ ನಕಲು ಮಾಡಬಾರದು. ಬೇಸಿಗೆಯ ತಾಪ 40 ಡಿಗ್ರಿ ದಾಟುವ ನಾಡಿನಲ್ಲಿ ಕೆರೆ ಪಶ್ಚಿಮಕ್ಕಿದ್ದರೆ ಅಗಲವಾದ ಗಾಜು ಮನೆಯನ್ನು ಒಲೆಯಾಗಿಸುತ್ತದೆ. ಅಲ್ಲಿ ಆಳವಾದ ಪಡಸಾಲೆ, ಕುಳಿತವರ ಕಣ್ಣಿನ ಮಟ್ಟಕ್ಕೆ ಒಂದು ಕಿಂಡಿ, ಅಂಗಳದಲ್ಲೊಂದು ಬೇವಿನ ಮರ ಇದ್ದರೆ ಸಾಕು. ಕೆರೆ ಉತ್ತರಕ್ಕಿದ್ದರೆ ಕಿಟಕಿಯನ್ನು ಧಾರಾಳವಾಗಿ ತೆರೆಯಬಹುದು.

ಇನ್ನೊಂದು ಸಂಗತಿ. ಮನೆ ಮುಗಿದಾಗ ನೆರೆಯ ಪುರಸಭೆಯೊಂದು ಅದನ್ನು ನಿಸರ್ಗಕ್ಕೆ ಎಸಗಿದ ಅಪರಾಧವೆಂದು ಬಗೆದು, ಅಂಥ ಕಟ್ಟಡ ಮತ್ತೆ ಏಳಕೂಡದೆಂದು ತೀರ್ಮಾನಿಸಿತೆಂದು ಲ ಕಾರ್ಬೂಸಿಯೆಯೇ ಬರೆದಿದ್ದಾನೆ. ಅದೇ ಮನೆ 2016ರಲ್ಲಿ, ಚಂಡೀಗಢದ ಕ್ಯಾಪಿಟಲ್ ಸಂಕೀರ್ಣದೊಂದಿಗೆ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊಸ ರೂಪವೆಂದ ಮಾತ್ರಕ್ಕೆ ನಿಸರ್ಗಕ್ಕೆ ವಿರೋಧವಲ್ಲ, ಹಳೆಯ ರೂಪವೆಂದ ಮಾತ್ರಕ್ಕೆ ಹೊಂದಿಕೆಯೂ ಅಲ್ಲ. ಬಿಸಿಲು, ಮಣ್ಣು, ನೀರು ಈ ಮೂರನ್ನೂ ಕೇಳಿ ಕಟ್ಟಿದ್ದೇ ಹೊಂದಿಕೆಯ ಮನೆ.

ಸಿದ್ಧರಾಮೇಶ್ವರರು ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದ್ದು ಸಕಲ ಜೀವರಾಶಿಗಾಗಿ. ಅಂಥ ಕೆರೆಗಳ ದಂಡೆಯಲ್ಲಿ ಮನೆ ಕಟ್ಟುವ ನಮ್ಮ ಶಾಲೆಯ ಮಕ್ಕಳು, ತಮ್ಮ ಮನೆಯಿಂದ ಕೆರೆ ಹೇಗೆ ಕಾಣುತ್ತದೆಂಬುದರ ಜೊತೆಗೆ, ಕೆರೆಗೆ ನೀರು ತುಂಬಿಕೊಳ್ಳಲು ಬರುವ ಊರಿನವರಿಗೆ ತಮ್ಮ ಮನೆ ಹೇಗೆ ಕಾಣುತ್ತದೆಂಬುದನ್ನೂ ಯೋಚಿಸಲಿ ಎಂದು ಹಾರೈಸುತ್ತೇನೆ.