ಖರ್ಚಿನ ದಿನ ಗೊತ್ತುಮಾಡುವವರು ಯಾರು?

ವಿಡಿಯೊ ಗೇಮ್ ಆಡಲು ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಬಳಸುತ್ತೇನೆ ಎಂದರೆ ನಾನು ಸಾಫ್ಟ್‌ವೇರ್ ಕೆಲಸದವನಿರಬೇಕು ಎಂದುಕೊಳ್ಳುವವರೇ ಹೆಚ್ಚು. ನಾನು ಬರೆಯುವುದು ಬ್ಯಾಂಕ್ ಬಡ್ಡಿ, ವಿಮೆ, ಮನೆಸಾಲದ ವಿಚಾರ. ನನ್ನನ್ನು ಲಿನಕ್ಸ್‌ಗೆ ತಂದು ಬಿಟ್ಟದ್ದು ಮನೆಯ ಜಮಾ-ಖರ್ಚಿನ ಪುಸ್ತಕ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನು. ಜೊತೆಗೆ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರನ್ನು. ನನ್ನದು 2017ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡ ಯಂತ್ರ. ಏಳನೇ ತಲೆಮಾರಿನ ಐ5 7400 ಪ್ರೊಸೆಸರ್, ಎಎಂಡಿಯ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್. ಒಂದು ತಲೆಮಾರಿನ ಅಂತರದಲ್ಲಿ ಅದು ಹೊರಗುಳಿಯುತ್ತದೆ. ಇದರಲ್ಲಿ ಯಾರನ್ನೂ ದೂರುವಂಥದ್ದೇನಿಲ್ಲ. ಕಂಪನಿ ತನ್ನ ವೇಳಾಪಟ್ಟಿಯನ್ನು ಬಹಳ ಮೊದಲೇ ಸಾರಿತ್ತು, ಹಳೆಯ ಆವೃತ್ತಿಯನ್ನು ಕೊನೆಯವರೆಗೂ ಸಾಕುವ ಹೊಣೆಯನ್ನು ಯಾರೂ ಹೊರುವುದಿಲ್ಲ. ನನ್ನ ಪ್ರಶ್ನೆ ಬೇರೆ. ಯಂತ್ರ ಗಟ್ಟಿಮುಟ್ಟಾಗಿದೆ, ಬಿಸಿಯಾಗುವುದಿಲ್ಲ, ನಾನಾಡುವ ಆಟ ಎಲ್ಲೂ ತಡವರಿಸುವುದಿಲ್ಲ. ಹೀಗಿರುವಾಗ ಇನ್ನೊಬ್ಬರ ವೇಳಾಪಟ್ಟಿಗೆ ನನ್ನ ಮನೆಯ ಖರ್ಚು ಯಾಕೆ ತಲೆಬಾಗಬೇಕು?

ಲೆಕ್ಕ ಹಾಕಿ ನೋಡಿದೆ. 2017ರಲ್ಲಿ ಯಂತ್ರಕ್ಕೆ ತಗುಲಿದ್ದು ಸುಮಾರು 60 ಸಾವಿರ ರೂಪಾಯಿ. 2025ಕ್ಕೆ ಬದಲಿಸಿದರೆ ಎಂಟು ವರ್ಷದ ಬಾಳಿಕೆ, ಅಂದರೆ ವರ್ಷಕ್ಕೆ 7,500 ರೂಪಾಯಿ. 2029ರವರೆಗೆ ಬಾಳಿಸಿದರೆ ಹನ್ನೆರಡು ವರ್ಷ, ವರ್ಷಕ್ಕೆ 5 ಸಾವಿರ. ಇದು ಕಣ್ಣಿಗೆ ಕಾಣುವ ಉಳಿತಾಯ. ಕಾಣದ ಉಳಿತಾಯ ಎಫ್‌ಡಿಯಲ್ಲಿದೆ. ಅದೇ ದರ್ಜೆಯ ಹೊಸ ಯಂತ್ರಕ್ಕೆಂದು ನಾನು ಎತ್ತಿಟ್ಟುಕೊಂಡದ್ದು 75 ಸಾವಿರ. ಶೇ 6.5ರ ಬಡ್ಡಿಯಲ್ಲಿ ಆ ಹಣ ವರ್ಷಕ್ಕೆ 4,875 ರೂಪಾಯಿ ದುಡಿಯುತ್ತದೆ. ನಾಲ್ಕು ವರ್ಷ ಖರೀದಿ ಮುಂದೂಡಿದರೆ, ಚಕ್ರಬಡ್ಡಿ ಲೆಕ್ಕಕ್ಕೆ ಹಿಡಿಯದಿದ್ದರೂ, 19,500 ರೂಪಾಯಿ. ತೆರಿಗೆ ಕಳೆದ ಮೇಲೆ ಉಳಿಯುವುದೂ ಸಣ್ಣ ಮೊತ್ತವಲ್ಲ.

ಮುಂದೂಡುವ ಶಕ್ತಿಗೆ ಇನ್ನೊಂದು ಬೆಲೆಯಿದೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಏಕಾಏಕಿ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಮಾರುವುದೇ ತಯಾರಕರಿಗೆ ಹೆಚ್ಚು ಲಾಭದ ವ್ಯಾಪಾರವಾಯಿತು. ಮೈಕ್ರಾನ್ ಕಂಪನಿಯಂತೂ ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ಮಾಡುತ್ತಿದ್ದ ವ್ಯಾಪಾರವನ್ನೇ ಮುಚ್ಚುವುದಾಗಿ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ವಿಂಡೋಸ್ 10 ಮುಗಿಯಿತೆಂದು ಹೊಸದನ್ನು ಕೊಳ್ಳಲೇಬೇಕಾದವರು ಸರಿಯಾಗಿ ಈ ದುಬಾರಿ ದಿನಗಳಲ್ಲೇ ಅಂಗಡಿ ಮೆಟ್ಟಿಲು ಹತ್ತಬೇಕಾಯಿತು. ಯಾವಾಗ ಕೊಳ್ಳಬೇಕು ಎಂಬುದು ನಮ್ಮ ಕೈಯಲ್ಲಿದ್ದರೆ ಎಷ್ಟಕ್ಕೆ ಕೊಳ್ಳುತ್ತೇವೆ ಎಂಬುದೂ ಒಂದಿಷ್ಟು ನಮ್ಮ ಕೈಯಲ್ಲಿರುತ್ತದೆ. ಚಿನ್ನಕ್ಕೂ ಇದೇ ಮಾತು, ಸೈಟಿಗೂ ಇದೇ ಮಾತು.

ನಾನು ಲಿನಕ್ಸ್‌ಗೆ ಬದಲಾದದ್ದು ಅದಕ್ಕೂ ಮೊದಲು, 2024ರಲ್ಲಿ. ಹೊಸದಾಗಿ ಕೊಂಡದ್ದು 500 ಜಿಬಿಯ ಒಂದು ಎಸ್‌ಎಸ್‌ಡಿ ಮತ್ತು ಇನ್ನೊಂದು 8 ಜಿಬಿ ರ‍್ಯಾಮ್. ಅಂದಿನ ಬೆಲೆಯಲ್ಲಿ ಎರಡೂ ಸೇರಿ 5 ಸಾವಿರದೊಳಗೆ ಮುಗಿಯಿತು. ವಿಂಡೋಸ್ ಇದ್ದ ಹಾರ್ಡ್‌ಡಿಸ್ಕನ್ನು ಅಳಿಸದೆ ಹಾಗೆಯೇ ಬಿಚ್ಚಿ ತೆಗೆದಿಟ್ಟು, ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಮಿಂಟ್ ಹಾಕಿದೆ. ಅದಕ್ಕೆ ಕಾಸಿಲ್ಲ. ಅದರ ಮೇಲೆ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್, ಅದಕ್ಕೂ ಕಾಸಿಲ್ಲ. ಮೊದಲು ಇಳಿಸಿಕೊಂಡ ದೊಡ್ಡ ಆಟ ‘ದಿ ವಿಚರ್ 3’. ಅದು 2015ರಲ್ಲಿ ಬಂದದ್ದು, ಪಿಸಿಯಲ್ಲಿ ವಿಂಡೋಸ್‌ಗೆಂದೇ ಮಾಡಿದ್ದು, ನಾನು ಮೊದಲೇ ದುಡ್ಡು ಕೊಟ್ಟು ಕೊಂಡಿದ್ದು. ‘ಪ್ಲೇ’ ಒತ್ತಿದಾಗ ವಲ್ಕನ್ ಶೇಡರ್‌ಗಳು ಸಿದ್ಧವಾಗುತ್ತಿವೆ ಎಂಬ ಸಣ್ಣ ಪೆಟ್ಟಿಗೆಯೊಂದು ತೆರೆಯ ನಡುವೆ ಬಂತು. ಅದರಲ್ಲಿ ಶೇಕಡಾವಾರು ಅಂಕಿ ನಿಧಾನಕ್ಕೆ ಏರುತ್ತಾ ಹೋಯಿತು, ಪ್ರೊಸೆಸರ್ ಫ್ಯಾನ್ ಸ್ವಲ್ಪ ಜೋರಾಗಿ ತಿರುಗಿತು, ಆಮೇಲೆ ಆಟ ತೆರೆದುಕೊಂಡಿತು. ಆಟದಲ್ಲಿ ನಾನು ಎಲ್ಲಿಗೆ ನಿಲ್ಲಿಸಿದ್ದೆನೋ ಆ ಸೇವ್ ಫೈಲ್ ಸ್ಟೀಮ್ ಕ್ಲೌಡ್‌ನಿಂದ ತಾನಾಗಿ ಬಂದಿತ್ತು. ಆಟದ ನಾಯಕ ಗೆರಾಲ್ಟ್ ಅದೇ ಕೆಸರು ದಾರಿಯಲ್ಲಿ, ಅದೇ ಕುದುರೆ ಮೇಲೆ ಕೂತಿದ್ದ. 1080ಪಿ ತೆರೆಯಲ್ಲಿ ವಿಂಡೋಸ್‌ಗೂ ಇದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ. ವರ್ಷಗಟ್ಟಲೆ ದುಡ್ಡು ಹಾಕಿ ಕೂಡಿಸಿಕೊಂಡ ಆಟಗಳ ಸಂಗ್ರಹ ಕೈ ತಪ್ಪಿರಲಿಲ್ಲ.

ಇದರ ಹಿಂದಿರುವುದು ಪ್ರೋಟಾನ್. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ‘ವೈನ್’ ಎಂಬ ಯೋಜನೆ 1993ರಿಂದಲೂ ಇತ್ತು. ಆದರೆ ಹೊಸ ಕಾಲದ ಆಟಗಳ ಗ್ರಾಫಿಕ್ಸ್ ಅದಕ್ಕೆ ಸರಿಯಾಗಿ ಒಗ್ಗಿರಲಿಲ್ಲ. ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್ ‘ನಿಯರ್: ಆಟೊಮಾಟಾ’ ಆಟವನ್ನು ಲಿನಕ್ಸ್‌ನಲ್ಲೇ ಆಡಬೇಕೆಂದು ಕೂತು ಡಿಎಕ್ಸ್‌ವಿಕೆ ಎಂಬ ತಂತ್ರಾಂಶ ಬರೆದರು. ಮೈಕ್ರೋಸಾಫ್ಟ್‌ನ ಡೈರೆಕ್ಟ್‌3ಡಿ ಮೂಲಕ ಆಟ ಕೊಡುವ ಆಜ್ಞೆಗಳನ್ನು ಅದು ವಲ್ಕನ್ ಎಂಬ ಮುಕ್ತ ಮಾನದಂಡಕ್ಕೆ ತಿರುಗಿಸುತ್ತದೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಅವರ ಕೆಲಸಕ್ಕೆ ಹಣ ಕೊಟ್ಟಿತು. ಅದನ್ನೂ ವೈನನ್ನೂ ಒಟ್ಟು ಮಾಡಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಹೊರತಂದಿತು. ಎಲ್ಲವೂ ಬಿಟ್ಟಿ, ಮೂಲ ಕೋಡ್ ಸಮೇತ.

ಬಿಟ್ಟಿ ಸಿಗುವುದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳದೆ ನಾನು ಯಾವುದಕ್ಕೂ ಕೈ ಹಾಕುವುದಿಲ್ಲ. ಇಲ್ಲಿ ಉತ್ತರ ಸ್ಪಷ್ಟವಾಗಿದೆ. ಸ್ಟೀಮ್‌ನಲ್ಲಿ ಮಾರಾಟವಾಗುವ ಆಟದ ಬೆಲೆಯಲ್ಲಿ ಸಾಮಾನ್ಯವಾಗಿ ಶೇ 30ರಷ್ಟು ವಾಲ್ವ್‌ಗೆ ಹೋಗುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರ ಒಳಗೆ ಮೈಕ್ರೋಸಾಫ್ಟ್‌ನದೇ ಅಂಗಡಿಯೂ ಇತ್ತು. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುವವನ ಪಕ್ಕದಲ್ಲೇ ಕಟ್ಟಡದ ಮಾಲೀಕ ಅದೇ ವ್ಯಾಪಾರ ಶುರುಮಾಡಿದಂತಾಯಿತು ಅದು. ವಿಂಡೋಸ್ 8 ಪಿಸಿ ಲೋಕದ ಎಲ್ಲರಿಗೂ ಅನಾಹುತ ಎಂದು ವಾಲ್ವ್ ಮುಖ್ಯಸ್ಥ ಗೇಬ್ ನ್ಯೂವೆಲ್ ಆಗಲೇ ಬಹಿರಂಗವಾಗಿ ಹೇಳಿದ್ದರು. 2013ರಲ್ಲಿ ಲಿನಕ್ಸ್‌ಗೆ ಸ್ಟೀಮ್ ಬಂತು. 2015ರ ಸ್ಟೀಮ್ ಮಷಿನ್ ಎಂಬ ಆಟದ ಕಂಪ್ಯೂಟರ್‌ಗಳು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. 2022ರ ಫೆಬ್ರವರಿಯಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ನೆಲೆನಿಂತಿತು. ಅದು ಓಡುವುದು ಲಿನಕ್ಸ್ ಮೇಲೆ. ವಾಲ್ವ್ ಹಣ ಹಾಕುವುದು ತನ್ನ ವ್ಯಾಪಾರ ಉಳಿಸಿಕೊಳ್ಳಲು. ಆ ಕಾರಣಕ್ಕೇ ನನಗೆ ಅದರ ಮೇಲೆ ನಂಬಿಕೆ. ಉಪಕಾರಕ್ಕೆ ಕೊಟ್ಟದ್ದು ನಾಳೆ ನಿಲ್ಲಬಹುದು, ಸ್ವಂತ ಹಿತಕ್ಕೆ ಮಾಡುವ ಕೆಲಸ ಅಷ್ಟು ಬೇಗ ನಿಲ್ಲುವುದಿಲ್ಲ. ಸ್ಟೀಮ್ ಡೆಕ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದಿಲ್ಲ. ಅದಕ್ಕೆಂದು ಮಾಡಿದ ಕೆಲಸದ ಫಲ ಮಾತ್ರ ನನ್ನ 2017ರ ಯಂತ್ರಕ್ಕೂ ಅಪ್‌ಡೇಟ್ ಆಗಿ ಬರುತ್ತಲೇ ಇದೆ.

ಗ್ರಾಫಿಕ್ಸ್ ಕಾರ್ಡಿನ ವಿಚಾರ ಬಿಡಿಸಿ ಹೇಳಬೇಕು, ಯಾಕೆಂದರೆ ದುಡ್ಡು ಹೋಗುವುದೇ ಅಲ್ಲಿ. ಎಎಂಡಿ ಕಾರ್ಡ್‌ಗಳ ಡ್ರೈವರ್ ಲಿನಕ್ಸ್ ಕರ್ನೆಲ್‌ನಲ್ಲೂ ಮೆಸಾ ಎಂಬ ಮುಕ್ತ ಯೋಜನೆಯಲ್ಲೂ ಸೇರಿಕೊಂಡಿರುತ್ತದೆ. ಬೇರೆಯಾಗಿ ಇಳಿಸಿಕೊಳ್ಳುವ ಗೋಜಿಲ್ಲ. ಕಂಪನಿ ಒಂದು ಕಾರ್ಡಿನ ಮೇಲೆ ಆಸಕ್ತಿ ಕಳೆದುಕೊಂಡರೂ ಕೋಡ್ ತೆರೆದಿರುವುದರಿಂದ ಬೇರೆಯವರು ಕೆಲಸ ಮುಂದುವರಿಸಬಹುದು. 2012ರ ಸುಮಾರಿನ ಎಎಂಡಿ ಕಾರ್ಡ್‌ಗಳ ಲಿನಕ್ಸ್ ಡ್ರೈವರ್ ಮೇಲೆ 2025ರಲ್ಲೂ ಸುಧಾರಣೆಯ ಕೆಲಸ ನಡೆಯಿತು. ಎನ್‌ವಿಡಿಯಾ ಕಾರ್ಡ್ ಇರುವವರು ಸ್ವಲ್ಪ ನೋಡಿ ಹೆಜ್ಜೆ ಇಡಬೇಕು. ನಮ್ಮಲ್ಲಿ ಬಹಳ ಮನೆಗಳಲ್ಲಿರುವ ಜಿಟಿಎಕ್ಸ್ 1050 ಟಿಐ, 1060 ಕಾರ್ಡ್‌ಗಳಿಗೆ 580 ಸರಣಿಯ ಡ್ರೈವರೇ ಕೊನೆಯದು. ಅವು ಇವತ್ತು ನಡೆಯುತ್ತವೆ, ಆದರೆ ಹೊಸ ಸೌಲಭ್ಯ ನಿರೀಕ್ಷಿಸುವಂತಿಲ್ಲ. ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಂಡು ಲಿನಕ್ಸ್‌ನಲ್ಲಿ ಆಡಬೇಕೆಂದಿದ್ದರೆ ನಾನು ಎಎಂಡಿಯನ್ನೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಆಟವಾಡುವ ಕಂಪ್ಯೂಟರೇ ನೆಟ್ ಬ್ಯಾಂಕಿಂಗ್ ಮಾಡುವ ಕಂಪ್ಯೂಟರ್. ಬೇರೆ ಮನೆಗಳಲ್ಲೂ ಹಾಗೇ ಇರುತ್ತದೆ ಎಂದು ಬಲ್ಲೆ. ಭದ್ರತಾ ಅಪ್‌ಡೇಟ್ ನಿಂತ ಯಂತ್ರದಲ್ಲಿ ಮ್ಯೂಚುವಲ್ ಫಂಡ್ ಖಾತೆ ತೆರೆಯುವುದು ನನಗೆ ಸರಿಕಾಣುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಕಳ್ಳ ಆಕ್ಟಿವೇಟರ್ ಹಾಕಿದ ವಿಂಡೋಸ್, ಕ್ರ್ಯಾಕ್ ಮಾಡಿದ ಆಟ. ವಿಂಡೋಸ್ 11 ಹೋಮ್ ಬಿಡಿಯಾಗಿ ಕೊಂಡರೆ ಹತ್ತು ಸಾವಿರದ ಆಸುಪಾಸು ಬೀಳುತ್ತದೆ. ಅಷ್ಟು ಕೊಡಲಾರದವರು ಈ ಅಡ್ಡದಾರಿ ಹಿಡಿಯುತ್ತಾರೆ. ಎಲ್ಲಿಂದಲೋ ಬಂದ ಪ್ರೋಗ್ರಾಂಗೆ ಯಂತ್ರದ ಪೂರ್ಣ ಅಧಿಕಾರ ಕೊಟ್ಟು, ಅದೇ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತುವುದು ಎಷ್ಟು ಅಪಾಯವೆಂದು ನಾನು ಈ ಅಂಕಣದಲ್ಲಿ ಎಷ್ಟು ಹೇಳಿದರೂ ಸಾಲದು. ಲಿನಕ್ಸ್ ಬಿಟ್ಟಿ ಸಿಗುವುದರಿಂದ ಕಳ್ಳ ಆಕ್ಟಿವೇಟರ್‌ನ ಆಸೆಯೇ ಹುಟ್ಟುವುದಿಲ್ಲ. ಆದಾಯ ತೆರಿಗೆ ರಿಟರ್ನನ್ನು ಬ್ರೌಸರ್‌ನಲ್ಲೇ ಸಲ್ಲಿಸುತ್ತೇನೆ. ಕನ್ನಡಕ್ಕೆ ಕಗಪ ಕೀಲಿಮಣೆ ಲಿನಕ್ಸ್ ಜೊತೆಗೇ ಬರುತ್ತದೆ, ಈ ಲೇಖನವನ್ನೂ ಅದರಲ್ಲೇ ಟೈಪ್ ಮಾಡಿದ್ದು.

ಎಲ್ಲ ಆಟವೂ ನಡೆಯುತ್ತದೆ ಎಂದು ಮಾತ್ರ ನಾನು ಹೇಳುವುದಿಲ್ಲ. ದಸರಾ ರಜೆಗೆ ಬಂದಿದ್ದ ಅಣ್ಣನ ಮಗ ಕಂಪ್ಯೂಟರ್ ಮುಂದೆ ಕೂತ ತಕ್ಷಣ ಕೇಳಿದ:

“ಚಿಕ್ಕಪ್ಪ, ಇದ್ರಲ್ಲಿ ವ್ಯಾಲೊರಂಟ್ ಬರುತ್ತಾ?”

“ಇಲ್ಲ ಕಣಪ್ಪ, ಅದು ಬರಲ್ಲ.”

“ಫೋರ್ಟ್‌ನೈಟು?”

“ಅದೂ ಇಲ್ಲ. ಕೌಂಟರ್ ಸ್ಟ್ರೈಕ್ ಇದೆ, ಡೋಟಾ ಇದೆ.”

“ಹಂಗಾದ್ರೆ ನಮ್ಮನೇದಕ್ಕೆ ಇದನ್ನ ಹಾಕ್ಬೇಡಿ ಚಿಕ್ಕಪ್ಪ. ನನ್ ಫ್ರೆಂಡ್ಸೆಲ್ಲ ಅದನ್ನೇ ಆಡೋದು.”

ಅವನ ಮಾತು ಸರಿಯಾಗಿಯೇ ಇತ್ತು, ನಾನು ಒತ್ತಾಯ ಮಾಡಲಿಲ್ಲ. ಆನ್‌ಲೈನ್ ಸ್ಪರ್ಧೆಯ ಆಟಗಳಲ್ಲಿ ಮೋಸ ತಡೆಯಲು ಆ್ಯಂಟಿ-ಚೀಟ್ ಎಂಬ ಕಾವಲು ಇರುತ್ತದೆ. ವ್ಯಾಲೊರಂಟ್‌ನ ವ್ಯಾನ್‌ಗಾರ್ಡ್ ವಿಂಡೋಸ್‌ನ ತಳಪಾಯದಲ್ಲೇ ಕೂರುವಂಥದ್ದು, ಅದಕ್ಕೆ ಲಿನಕ್ಸ್‌ನಲ್ಲಿ ಜಾಗವಿಲ್ಲ. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ 2021ರಿಂದ ಪ್ರೋಟಾನ್‌ಗೆ ಒಗ್ಗಿಕೊಂಡಿವೆ; ಆದರೆ ಅನುಮತಿ ಕೊಡಬೇಕಾದವರು ಆಟದ ಕಂಪನಿಯವರು. ಕೊಟ್ಟದ್ದನ್ನು ಹಿಂತೆಗೆದುಕೊಂಡವರೂ ಇದ್ದಾರೆ: ಅಪೆಕ್ಸ್ ಲೆಜೆಂಡ್ಸ್ 2024ರಲ್ಲಿ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿತು, ಜಿಟಿಎ ಆನ್‌ಲೈನ್ ಕೂಡ ಅದೇ ವರ್ಷ ಕೈ ತಪ್ಪಿತು. ಗೆಳೆಯರ ಗುಂಪಿನ ಜೊತೆ ಇಂಥ ಆಟವಾಡುವುದೇ ನಿಮ್ಮ ಸಂಜೆಯಾಗಿದ್ದರೆ ಲಿನಕ್ಸ್ ನಿಮಗಲ್ಲ. ಒಬ್ಬರೇ ಕೂತು ಕಥೆಯುಳ್ಳ ಆಟವಾಡುವ ನನ್ನಂಥವರಿಗೆ ಇದು ಅಡ್ಡಿಯೇ ಅಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’, ‘ಹಾಲೊ ನೈಟ್’, ‘ಸ್ಟಾರ್‌ಡ್ಯೂ ವ್ಯಾಲಿ’, ಟ್ರಕ್ ಓಡಿಸುವ ‘ಯೂರೊ ಟ್ರಕ್ ಸಿಮ್ಯುಲೇಟರ್ 2’ ಎಲ್ಲವೂ ಓಡುತ್ತವೆ. ಕೊನೆಯ ಮೂರಕ್ಕಂತೂ ಪ್ರೋಟಾನ್ ಕೂಡ ಬೇಡ, ಲಿನಕ್ಸ್‌ಗೆಂದೇ ಆವೃತ್ತಿ ಇದೆ.

ಆಟಗಳ ಮೇಲಿನ ಖರ್ಚಿನಲ್ಲೂ ನನಗೆ ಶಿಸ್ತು ಬಂತು. ಕೊಳ್ಳುವ ಮುನ್ನ ಪ್ರೋಟಾನ್‌ಡಿಬಿ ಎಂಬ ಜಾಲತಾಣದಲ್ಲಿ ಬೇರೆ ಆಟಗಾರರು ಏನು ವರದಿ ಮಾಡಿದ್ದಾರೆಂದು ಓದುತ್ತೇನೆ. ಓದುವಷ್ಟರಲ್ಲಿ ಅವಸರ ಇಳಿದು, ಆ ಆಟ ನನಗೆ ನಿಜಕ್ಕೂ ಬೇಕೇ ಎಂಬುದೂ ತಿಳಿಯುತ್ತದೆ. ಕೊಂಡ ಮೇಲೆ ಓಡದಿದ್ದರೆ ಸ್ಟೀಮ್‌ನ ನಿಯಮವಿದೆ: ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್. ಬೇಸಿಗೆ, ಚಳಿಗಾಲದ ಮಾರಾಟದ ದಿನಗಳಲ್ಲಿ ನಾಲ್ಕಾರು ವರ್ಷ ಹಳೆಯ ದೊಡ್ಡ ಆಟಗಳ ಬೆಲೆ ಅರ್ಧಕ್ಕೋ ಕಾಲಿಗೋ ಇಳಿಯುತ್ತದೆ. ಹಳೆಯ ಯಂತ್ರಕ್ಕೆ ಹಳೆಯ ಆಟವೇ ಸರಿಹೊಂದುವುದು, ಹಾಗಾಗಿ ಹೊಸ ಆಟಕ್ಕೆ ನಾಲ್ಕೈದು ಸಾವಿರ ಸುರಿಯುವ ಪ್ರಮೇಯವೇ ಬರುವುದಿಲ್ಲ. ಎಪಿಕ್ ಅಂಗಡಿ ವಾರಕ್ಕೊಂದಾದರೂ ಆಟ ಬಿಟ್ಟಿ ಕೊಡುತ್ತದೆ. ಹೀರೋಯಿಕ್ ಎಂಬ ಮುಕ್ತ ಲಾಂಚರ್ ಹಾಕಿಕೊಂಡರೆ ಅವುಗಳಲ್ಲಿ ಬಹುಪಾಲು ಲಿನಕ್ಸ್‌ನಲ್ಲೂ ಓಡುತ್ತವೆ.

ಸಮಯದ ಲೆಕ್ಕವನ್ನೂ ಹೇಳಬೇಕು. ಕೆಲವು ಆಟ ಮೊದಲ ಸಲಕ್ಕೆ ತೆರೆಯುವುದಿಲ್ಲ. ಪ್ರೋಟಾನ್‌ನ ಬೇರೆ ಆವೃತ್ತಿ ಆರಿಸಬೇಕು, ಇಲ್ಲವೇ ಲಾಂಚ್ ಆಪ್ಷನ್‌ನಲ್ಲಿ ಒಂದು ಸಾಲು ಸೇರಿಸಬೇಕು. ಅರ್ಧ ಗಂಟೆ ಹೋಗಬಹುದು. ನನಗೆ ಅದು ಸಹ್ಯ. ಸಂಬಳ ಚೆನ್ನಾಗಿದ್ದು ವಾರಕ್ಕೆ ಎರಡೇ ಗಂಟೆ ಬಿಡುವು ಸಿಗುವವರಿಗೆ ಸಹ್ಯವಾಗಲಿಕ್ಕಿಲ್ಲ. ಅಂಥವರು ಹೊಸ ಯಂತ್ರವನ್ನೋ ಪ್ಲೇಸ್ಟೇಷನನ್ನೋ ಕೊಂಡರೆ ಅದು ದುಂದುವೆಚ್ಚವಲ್ಲ. 2025ರ ಅಕ್ಟೋಬರ್‌ನಲ್ಲಿ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಬಳಕೆದಾರರ ಪಾಲು ಮೊದಲ ಬಾರಿಗೆ ಶೇ 3 ದಾಟಿತು. ಸಣ್ಣ ಪಾಲೇ, ಆದರೆ ತೊಂದರೆ ಬಂದರೆ ನಿಮಗಿಂತ ಮೊದಲು ಯಾರೋ ಅದನ್ನು ಎದುರಿಸಿ ಪರಿಹಾರ ಬರೆದಿಟ್ಟಿರುತ್ತಾರೆ ಎನ್ನುವಷ್ಟು ದೊಡ್ಡದು.

ನಿಮ್ಮ ಮನೆಯಲ್ಲೂ ವಿಂಡೋಸ್ 11 ಒಪ್ಪದ ಕಂಪ್ಯೂಟರ್ ಇದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಇಷ್ಟು ಮಾಡಿ. 8 ಜಿಬಿಯ ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ ಹಾಕಿಕೊಂಡು, ಏನನ್ನೂ ಅಳಿಸದೆ, ಅದರಿಂದಲೇ ಯಂತ್ರ ಶುರುಮಾಡಿ. ವೈಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ನೋಡಿ. ನೀವಾಡುವ ಆಟಗಳ ಹೆಸರು ಪಟ್ಟಿ ಮಾಡಿ ಪ್ರೋಟಾನ್‌ಡಿಬಿಯಲ್ಲಿ ಒಂದೊಂದಾಗಿ ಹುಡುಕಿ. ಮುಕ್ಕಾಲು ಪಾಲು ಓಡುವಂತಿದ್ದರೆ ಬೇರೆ ಎಸ್‌ಎಸ್‌ಡಿ ಹಾಕಿ ಬದಲಾಗಿ, ಹೊಸ ಕಂಪ್ಯೂಟರಿಗೆಂದು ಎತ್ತಿಟ್ಟ ಹಣವನ್ನು ಒಂದು ವರ್ಷದ ಎಫ್‌ಡಿ ಮಾಡಿ. ವರ್ಷ ಕಳೆದ ಮೇಲೂ ಹೊಸದೇ ಬೇಕೆನಿಸಿದರೆ ಆಗ ಕೊಳ್ಳಿ, ಹಣ ಅಲ್ಲೇ ಇರುತ್ತದೆ.