‘ಸಿ’ ರಿಪೋರ್ಟ್ ನಂತರವೂ ಉಳಿಯುವ ಹಕ್ಕು

ಅಪರಾಧಕ್ಕೆ ಗುರಿಯಾದವರಿಗೆ ಸರ್ಕಾರ ಕೊಡುವ ಹಣದ ಪರಿಹಾರವು ಆರೋಪಿ ಸಿಕ್ಕಿಬೀಳುವುದನ್ನಾಗಲಿ, ಅವನಿಗೆ ಶಿಕ್ಷೆಯಾಗುವುದನ್ನಾಗಲಿ ಕಾಯಬೇಕಾಗಿಲ್ಲ ಎಂಬುದು ಕಾನೂನಿನಲ್ಲಿ ಸ್ಪಷ್ಟವಾಗಿದ್ದರೂ, ಆ ಕಾನೂನಿನ ಅಗತ್ಯ ಹೆಚ್ಚಾಗಿರುವ ಕಡೆಯೇ ಅದು ಗೊತ್ತಿರುವವರು ಕಡಿಮೆ. ಪೀಣ್ಯದ ಕಾರ್ಖಾನೆಗಳಲ್ಲಿ ಎರಡನೆಯ ಪಾಳಿ ಮುಗಿಸಿ, ಚಿಕ್ಕಬಾಣಾವರದ ರೈಲು ನಿಲ್ದಾಣದ ಆಚೀಚೆಗಿನ ಬಾಡಿಗೆ ಕೋಣೆಗಳಿಗೆ ನಡುರಾತ್ರಿ ನಡೆದುಬರುವ ಕಾರ್ಮಿಕರ ನಡುವೆ ಸುಲಿಗೆಯ ಮಾತು ಬಂದಾಗಲೆಲ್ಲ, ‘ಕಳ್ಳ ಸಿಗಲಿಲ್ಲ, ಕೇಸು ಮುಗೀತು’ ಎಂಬಲ್ಲಿಗೆ ಅದು ನಿಂತುಬಿಡುತ್ತದೆ. ಅಂಥ ಒಂದು ಕುಟುಂಬದ ಜೊತೆ ಠಾಣೆ, ಆಸ್ಪತ್ರೆ, ಕಾನೂನು ಸೇವಾ ಪ್ರಾಧಿಕಾರಗಳಿಗೆ ಓಡಾಡಿದ ಪ್ರಸ್ತುತ ಲೇಖಕನೂ ಮೊದಲ ಕೆಲವು ತಿಂಗಳು ಹಾಗೆಯೇ ನಂಬಿದ್ದನು. ಆ ನಂಬಿಕೆಯ ಬೆಲೆ ತೆತ್ತದ್ದು ಮಾತ್ರ ಆ ಕುಟುಂಬ.

ಮೊದಲು ಬಿಡಿಸಿಕೊಳ್ಳಬೇಕಾದದ್ದು ಹಣ ಯಾರ ಜೇಬಿನಿಂದ ಬರುತ್ತದೆ ಎಂಬ ಪ್ರಶ್ನೆಯನ್ನು. ನ್ಯಾಯಾಲಯವು ಅಪರಾಧಿಗೆ ದಂಡ ವಿಧಿಸಿ, ಅದರಲ್ಲಿ ಒಂದು ಪಾಲನ್ನು ನೊಂದವರಿಗೆ ಕೊಡಿಸುವ ಪದ್ಧತಿ ಹಳೆಯದು. ದಂಡ ಪ್ರಕ್ರಿಯಾ ಸಂಹಿತೆಯ 357ನೆಯ ಕಲಮು ಹೇಳುತ್ತಿದ್ದುದು ಅದನ್ನೇ. ಆದರೆ ಅಪರಾಧಿಯೇ ಬಡವನಾದರೆ, ಖುಲಾಸೆಯಾದರೆ ಅಥವಾ ಪತ್ತೆಯೇ ಆಗದಿದ್ದರೆ ಆ ಕಲಮು ಬರಿಯ ಅಕ್ಷರವಾಗಿ ಉಳಿಯುತ್ತಿತ್ತು. ಈ ಕೊರತೆಯನ್ನು ತುಂಬಲು 2008ರ ತಿದ್ದುಪಡಿಯ ಮೂಲಕ 357ಎ ಎಂಬ ಹೊಸ ಕಲಮು ಸೇರಿತು, ಅದು 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು, ಅದರ ಅಡಿಯಲ್ಲಿ ಕರ್ನಾಟಕವು 2011ರ ಸಂತ್ರಸ್ತರ ಪರಿಹಾರ ಯೋಜನೆಯನ್ನು ರೂಪಿಸಿತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನಲ್ಲಿದೆ. ಇಲ್ಲಿ ‘ಸಂತ್ರಸ್ತ’ ಎಂದರೆ ಅಪರಾಧದಿಂದ ನಷ್ಟ ಅಥವಾ ಗಾಯ ಅನುಭವಿಸಿದ ವ್ಯಕ್ತಿ. ಅವರ ಪೋಷಕರೂ ಕಾನೂನುಬದ್ಧ ವಾರಸುದಾರರೂ ಆ ಪದದ ವ್ಯಾಪ್ತಿಗೆ ಬರುತ್ತಾರೆ. ಪರಿಹಾರದ ಮೊತ್ತವನ್ನು ತೀರ್ಮಾನಿಸುವುದು ಪೊಲೀಸರಲ್ಲ, ಶಾಸಕರಲ್ಲ, ತಹಶೀಲ್ದಾರರೂ ಅಲ್ಲ. ನ್ಯಾಯಾಂಗ ಅಧಿಕಾರಿಗಳು ನಡೆಸುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ರಾಜ್ಯ ಪ್ರಾಧಿಕಾರ. ಮುಖ್ಯಮಂತ್ರಿಗಳ ಪರಿಹಾರ ನಿಧಿಯಿಂದ ಬರುವುದು ನೆರವು, ಇದು ಹಕ್ಕು.

ಸಮಾಜದ ನೆಮ್ಮದಿಯನ್ನು ಕಾಯುವ ಹೊಣೆ ಹೊತ್ತ ಸರ್ಕಾರ, ಆ ಕಾವಲು ತಪ್ಪಿದಾಗ ನೊಂದವರ ಹೊರೆಯಲ್ಲಿ ಪಾಲು ಹೊರಬೇಕು ಎಂಬ ವಿಚಾರ ಭಾರತಕ್ಕೆ ತಡವಾಗಿ ಬಂದಿತು. ನ್ಯೂಜಿಲೆಂಡ್ 1963ರಲ್ಲೇ ಇದಕ್ಕೆ ಕಾನೂನು ಮಾಡಿತ್ತು, ವಿಶ್ವಸಂಸ್ಥೆಯ ಘೋಷಣೆ 1985ರಲ್ಲಿ ಬಂದಿತ್ತು.

ಮೇಲೆ ಹೇಳಿದ ಕುಟುಂಬದ ಯುವಕ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಪ್ರೆಸ್ ಯಂತ್ರ ನಡೆಸುತ್ತಿದ್ದವನು. ಹೊಸ ಸಂಹಿತೆ ಜಾರಿಗೆ ಬಂದ ಕೆಲವು ತಿಂಗಳ ನಂತರ, ರೈಲು ಹಳಿಯ ಪಕ್ಕದ ದಾರಿಯಲ್ಲಿ ಇಬ್ಬರು ಅವನ ಮೊಬೈಲ್ ಕಸಿಯಲು ಬಂದು, ಅವನು ಬಿಡದಿದ್ದಾಗ ಮಚ್ಚಿನಿಂದ ಬಲಗೈಗೆ ಹೊಡೆದು ಓಡಿದರು. ಜಾಗ ರೈಲ್ವೆ ಪೊಲೀಸರದೋ ಊರಿನ ಠಾಣೆಯದೋ ಎಂಬ ಚರ್ಚೆಯಲ್ಲಿಯೇ ಒಂದು ಇಡೀ ದಿನ ಕಳೆಯಿತು. ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದು ಸಂಹಿತೆಯ 173ನೆಯ ಕಲಮು ಹೇಳುತ್ತದೆ. ಇದಕ್ಕೆ ‘ಜೀರೋ ಎಫ್‌ಐಆರ್’ ಎಂಬ ಹೆಸರಿದೆ. ಆ ಒಂದು ಸಾಲು ಗೊತ್ತಿದ್ದಿದ್ದರೆ ಆ ದಿನ ಉಳಿಯುತ್ತಿತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಗಾಯದ ಪ್ರಮಾಣಪತ್ರದಲ್ಲಿ. ವೈದ್ಯರು ಪೊಲೀಸರಿಗೆ ಕೊಡುವ ಈ ಪತ್ರದಲ್ಲಿ ಗಾಯವು ‘ಸಾಮಾನ್ಯ’ವೋ ‘ತೀವ್ರ’ವೋ ಎಂದು ಬರೆಯಲಾಗುತ್ತದೆ. ಆ ರಾತ್ರಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ, ‘ಸಾಮಾನ್ಯ’ ಎಂದು ಬರೆದು ಕಳುಹಿಸಿದರು. ಮೂರು ವಾರದ ನಂತರ ಪಟ್ಟಿ ಬಿಚ್ಚಿದಾಗ ನಡುಬೆರಳು, ಉಂಗುರ ಬೆರಳು ಎರಡೂ ಮಡಚುತ್ತಿರಲಿಲ್ಲ. ಅವನ ತಾಯಿ ತಟ್ಟೆಯಲ್ಲಿ ಅನ್ನ ಕಲಸಿ ಮುಂದಿಟ್ಟಾಗ ಮೂರೇ ಬೆರಳಿನಲ್ಲಿ ತುತ್ತು ಮಾಡಲು ಹೋಗಿ ಅನ್ನ ಜಾರಿ ಬಿತ್ತು. ಅವನು ಏನೂ ಹೇಳದೆ ಎಡಗೈಗೆ ಚಮಚ ತೆಗೆದುಕೊಂಡ. ಅಂಗ ಅಥವಾ ಕೀಲು ಶಾಶ್ವತವಾಗಿ ನಿರುಪಯುಕ್ತವಾಗುವುದು, ಮೂಳೆ ಮುರಿಯುವುದು, 15 ದಿನ ನಿತ್ಯದ ಕೆಲಸ ಮಾಡಲಾಗದಂತಾಗುವುದು (ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನವಿತ್ತು) ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯ 116ನೆಯ ಕಲಮಿನ ಪ್ರಕಾರ ತೀವ್ರ ಗಾಯಗಳೇ. ಆದರೂ ಮೊದಲ ರಾತ್ರಿಯ ಒಂದು ಪದವನ್ನು ತಿದ್ದಿಸಲು, ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಅಂಗವೈಕಲ್ಯದ ಶೇಕಡಾವಾರು ಪತ್ರ ಪಡೆಯಲು, ತಿಂಗಳುಗಳೇ ಬೇಕಾದವು. ಗಾಯಾಳುವಿನ ಕೈ ಎರಡನೆಯ ವಾರದಲ್ಲಿ ಹೇಗಿದೆ ಎಂದು ಇನ್ನೊಬ್ಬ ವೈದ್ಯರಿಂದ ಬರೆಯಿಸಿಕೊಳ್ಳುವುದು ಕೇವಲ ಚಿಕಿತ್ಸೆಯ ವಿಷಯವಲ್ಲ, ಪರಿಹಾರದ ಅರ್ಜಿಯ ಅಡಿಪಾಯವೇ ಅದು ಎಂಬುದು ಈ ಓಡಾಟದಲ್ಲಿ ಕಲಿತ ಅತ್ಯಂತ ದುಬಾರಿ ಪಾಠ.

ತನಿಖೆಯ ಕೊನೆಗೆ ಪೊಲೀಸರು ‘ಸಿ’ ರಿಪೋರ್ಟ್ ಹಾಕಿದರು. ಕರ್ನಾಟಕದ ಠಾಣೆಗಳ ಭಾಷೆಯಲ್ಲಿ ‘ಬಿ’ ರಿಪೋರ್ಟ್ ಎಂದರೆ ದೂರಿನಲ್ಲಿ ಹುರುಳಿಲ್ಲ ಎಂಬ ವರದಿ, ‘ಸಿ’ ಎಂದರೆ ಅಪರಾಧ ನಡೆದದ್ದು ನಿಜ, ಆದರೆ ಮಾಡಿದವರು ಪತ್ತೆಯಾಗಿಲ್ಲ ಎಂಬ ವರದಿ. ಎರಡನ್ನೂ ಒಂದೇ ಎಂದು ತಿಳಿದ ಕುಟುಂಬ ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿ ಟ್ರಂಕಿನ ತಳಕ್ಕೆ ಹಾಕಿತು. ಅಪರಾಧಿ ಪತ್ತೆಯಾಗದಿದ್ದರೂ ಸಂತ್ರಸ್ತರು ಯಾರೆಂದು ಗೊತ್ತಿದ್ದು ವಿಚಾರಣೆ ನಡೆಯದಿದ್ದಲ್ಲಿ ಅವರು ಅಥವಾ ಅವರ ಅವಲಂಬಿತರು ಪ್ರಾಧಿಕಾರಕ್ಕೆ ನೇರವಾಗಿ ಅರ್ಜಿ ಸಲ್ಲಿಸಬಹುದು ಎಂದು 396ನೆಯ ಕಲಮಿನ 4ನೆಯ ಉಪಕಲಮು ಹೇಳುತ್ತಿರುವುದು ಇಂಥವರಿಗಾಗಿಯೇ. ಅಂದರೆ ಅವರು ಸೋಲಿನ ಪತ್ರವೆಂದು ಬಗೆದ ‘ಸಿ’ ರಿಪೋರ್ಟೇ ಅರ್ಜಿಗೆ ಲಗತ್ತಿಸಬೇಕಾದ ಮುಖ್ಯ ದಾಖಲೆಯಾಗಿತ್ತು. ಅರ್ಜಿ ಬಂದ ಮೇಲೆ 2 ತಿಂಗಳೊಳಗೆ ವಿಚಾರಣೆ ಮುಗಿಸಬೇಕೆಂದು ಕಾನೂನು ಹೇಳುತ್ತದೆ. ಕುಟುಂಬ ಕೊನೆಗೂ ಅರ್ಜಿ ಹಾಕಿದಾಗ ಅದಕ್ಕಿಂತ ಹೆಚ್ಚು ಹಿಡಿಯಿತು, ವೈಕಲ್ಯದ ಪತ್ರ ತಡವಾದದ್ದೂ ಅದಕ್ಕೆ ಕಾರಣ. ತುರ್ತು ಇದ್ದಲ್ಲಿ ಮಧ್ಯಂತರ ಪರಿಹಾರ ಕೇಳಬಹುದು. ಇವರು ಕೇಳಲಿಲ್ಲ, ಯಾಕೆಂದರೆ ಕೇಳಬಹುದೆಂದು ಯಾರೂ ಹೇಳಿರಲಿಲ್ಲ. ಕೊನೆಗೆ ಬಂದ ಹಣ ಚಿಕಿತ್ಸೆಗೆ ಮಾಡಿದ ಸಾಲವನ್ನು ಪೂರ್ತಿ ತೀರಿಸದಿದ್ದರೂ ಬಡ್ಡಿ ಬೆಳೆಯುವುದನ್ನು ತಡೆಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಖಚಿತವಾಗಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿ, ಆ ವರ್ಷದ ಅಕ್ಟೋಬರ್ 2ರಿಂದ ಜಾರಿಯಾಗುವಂತೆ ಮಾಡಿತು. ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಜೀವಹಾನಿಗೆ 5ರಿಂದ 10 ಲಕ್ಷ, ಆಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ ರೂಪಾಯಿ ಎಂದು ಅದು ಮಿತಿಗಳನ್ನು ಹಾಕಿಕೊಟ್ಟಿದೆ. ಪೀಣ್ಯಕ್ಕೆ ಹತ್ತಿರದ ಸುಂಕದಕಟ್ಟೆಯಲ್ಲಿ 2022ರ ಏಪ್ರಿಲ್ 28ರಂದು ಯುವತಿಯೊಬ್ಬಳ ಮೇಲೆ ಆಸಿಡ್ ಎರಚಿದ ಘಟನೆಯನ್ನು ಈ ಭಾಗದವರು ಮರೆತಿಲ್ಲ. ಅಂಥ ದಾಳಿಗೆ ಒಳಗಾದವರಿಗೆ ವಿಷಯ ಪ್ರಾಧಿಕಾರದ ಗಮನಕ್ಕೆ ಬಂದ 15 ದಿನದೊಳಗೆ 1 ಲಕ್ಷ, ಮುಂದಿನ 2 ತಿಂಗಳೊಳಗೆ 2 ಲಕ್ಷ ಸಿಗಬೇಕು. ಖಾಸಗಿ ಆಸ್ಪತ್ರೆಯೂ ಹಣ ಕೇಳದೆ ಚಿಕಿತ್ಸೆ ಕೊಡಬೇಕು. ಚರ್ಮ ಸುಡುತ್ತಿರುವಾಗ ಮುಂಗಡ ಹಣದ ಮಾತು ಎತ್ತುವುದು ಅಮಾನವೀಯವಷ್ಟೇ ಅಲ್ಲ, ಅಪರಾಧ.

ತುಮಕೂರು ರಸ್ತೆಯಲ್ಲಿ ಗುದ್ದಿ ಓಡಿದ ವಾಹನದ ಸಂತ್ರಸ್ತರಿಗೆ ಬಾಗಿಲು ಬೇರೆ: ಮೋಟಾರು ವಾಹನ ಕಾಯ್ದೆಯ ಅಡಿ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದ್ದು, ಆ ಅರ್ಜಿ ಕಂದಾಯ ಅಧಿಕಾರಿಗಳ ಬಳಿಗೆ ಹೋಗುತ್ತದೆ.

ಇಷ್ಟೆಲ್ಲ ಮಾಡಲು ವಕೀಲರಿಗೆ ಕೊಡುವ ಹಣ ಎಲ್ಲಿಂದ ತರುವುದು ಎಂದು ಆ ತಾಯಿ ಕೇಳಿದ್ದರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮು ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರನ್ನೂ ಹೆಸರಿಸಿ ಉಚಿತ ವಕೀಲರನ್ನು ಕೊಡುತ್ತದೆ. ಟ್ರಂಕಿನ ತಳದಲ್ಲಿ ಅಂಥ ಕವರೊಂದನ್ನು ಇಟ್ಟುಕೊಂಡಿರುವವರು ದಯವಿಟ್ಟು ಅದನ್ನು ಈ ವಾರವೇ ಹೊರತೆಗೆಯಬೇಕು. ಪ್ರಾಧಿಕಾರದ ಸಹಾಯವಾಣಿಯ ಸಂಖ್ಯೆ 15100.